ಒಡೆದ ಚೇಂಬರಿಗೆ ಮೇಣ, ವೆಲ್ಡಿಂಗ್, ಗುಜರಿ, ಹೊಸದು: ನಾಲ್ಕನ್ನೂ ಮಾಡಿ ನೋಡಿದೆ

ಜೂನ್ 1ರಿಂದ ಜುಲೈ 31ರ ತನಕ ಮೀನಿನ ಬೋಟುಗಳಿಗೆ ರಜೆ. ಮಲ್ಪೆಯಲ್ಲಿ ಮೀನಿಲ್ಲದ ಆ 61 ದಿನ ಮೀನು ಹೊರುವ ನನ್ನ ಪಿಕಪ್ ಸಿಕ್ಕಿದ ಬಾಡಿಗೆಗೆ ಓಡುತ್ತದೆ. ಹೋದ ವರ್ಷ ಹಾಗೇ ಹಿರಿಯಡ್ಕದ ಕಡೆ ಒಂದು ಮನೆ ಕೆಲಸಕ್ಕೆ ಸಿಮೆಂಟ್ ಇಳಿಸಿ ಬರುತ್ತಿದ್ದೆ. ಮಳೆನೀರು ಕೊರೆದ ಮಣ್ಣುದಾರಿ. ನಡುವೆ ತಲೆ ಎತ್ತಿದ್ದ ಮುರಕಲ್ಲು ಗಾಡಿಯ ಅಡಿಗೆ ತಾಗಿತು. ಸದ್ದು ದೊಡ್ಡದೇನಲ್ಲ. ಇಳಿದು ಬಗ್ಗಿ ನೋಡಿದರೆ ಕೆಂಪು ನೀರಿನ ಮೇಲೆ ಕಪ್ಪು ಎಣ್ಣೆ ಹರಡುತ್ತಿದೆ. ಕೂಡಲೇ ಇಂಜಿನ್ ಆಫ್ ಮಾಡಿದ್ದೊಂದೇ ಆ ದಿನ ನಾನು ತೋರಿಸಿದ ಬುದ್ಧಿ.

ಬಿಲ್ಲಿನಲ್ಲಿ ಇದಕ್ಕೆ ಆಯಿಲ್ ಸಂಪ್ ಅಂತ ಬರೆಯುತ್ತಾರೆ, ಗ್ಯಾರೇಜಿನಲ್ಲಿ ಎಲ್ಲರ ಬಾಯಲ್ಲೂ ಚೇಂಬರ್. ಇಂಜಿನ್ನಿನ ಅಡಿಯಲ್ಲಿ ಎಣ್ಣೆ ತುಂಬಿಕೊಳ್ಳುವ ತಗಡಿನ ತಟ್ಟೆ, ಅಷ್ಟೇ. ಹಗ್ಗ ಕಟ್ಟಿ ಎಳೆಸಿಕೊಂಡು ಹೋದಾಗ ಮೆಕ್ಯಾನಿಕ್ ಕೆಳಗೆ ಮಲಗಿ ನೋಡಿ, "ಹೊಸದೇ ಹಾಕುವ ಮಾರಾಯ್ರೆ" ಅಂದರು. ರಜೆಯ ತಿಂಗಳು, ಕೈ ಬಿಗಿ. "ಸದ್ಯಕ್ಕೆ ಎಂತಾದ್ರೂ ಮೆತ್ತುವ ಅಣ್ಣ" ಅಂದೆ.

ಮೆತ್ತಿದ್ದು ಎರಡು ಉಂಡೆ ಕಲಸುವ ಎಪಾಕ್ಸಿ ಮೇಣ. ಎಣ್ಣೆ ಪಸೆ ಇದ್ದರೆ ಅದು ಹಿಡಿಯುವುದೇ ಇಲ್ಲ. ಎಣ್ಣೆಯೆಲ್ಲ ಇಳಿಸಿ, ರಾತ್ರಿಯಿಡೀ ಸೋರಲು ಬಿಟ್ಟು, ಉಪ್ಪು ಕಾಗದ ಉಜ್ಜಿ, ಪೆಟ್ರೋಲಿನಲ್ಲಿ ಒರೆಸಿ ಹಾಕಿದರೂ 9 ದಿನ ಮಾತ್ರ ಬಂತು. ಬಿರುಕು ಮುಚ್ಚಿತ್ತು, ಆದರೆ ಕಲ್ಲು ಒತ್ತಿದ ತಗ್ಗು ಹಾಗೇ ಇತ್ತು. ಒಳಗೆ ಎಣ್ಣೆ ಹೀರುವ ಸ್ಟ್ರೈನರ್ ತಟ್ಟೆಯ ತಳಕ್ಕೆ ತೀರಾ ಹತ್ತಿರ ಇರುತ್ತದೆ. ತಳ ಮೇಲೆದ್ದರೆ ಸ್ಟ್ರೈನರಿನ ಬಾಯಿ ಮುಚ್ಚಿದ ಹಾಗೆ. ನಿಂತಲ್ಲೇ ಇಂಜಿನ್ ಓಡುವಾಗ ಎಣ್ಣೆಯ ಒತ್ತಡ ಇಳಿದಾಗ ಹೊತ್ತುವ ಕೆಂಪು ದೀಪ ಮಿಣುಕುತ್ತಿತ್ತು. ನಾನು ವೈರ್ ಲೂಸ್ ಅಂದುಕೊಂಡಿದ್ದೆ! ಮೇಣ ಗಾಡಿಯನ್ನು ಮನೆ ಮುಟ್ಟಿಸಲು ಮಾತ್ರ, ಅದೂ ತಗ್ಗು ಬಿದ್ದಿಲ್ಲದಿದ್ದರೆ.

ಎರಡನೆಯದು ಗ್ಯಾಸ್ ವೆಲ್ಡಿಂಗ್. ಈ ಸಲ ಚೇಂಬರ್ ಇಳಿಸಲೇಬೇಕಾಯಿತು. ಡೀಸೆಲ್‌ನಲ್ಲಿ ತೊಳೆದು, ಆಮೇಲೆ ಬಿಸಿ ಸೋಪು ನೀರಿನಲ್ಲಿ ಮತ್ತೆ ತೊಳೆದರು. ಒಳಗೆ ಎಣ್ಣೆಯ ಆವಿ ಉಳಿದಿದ್ದರೆ ಬೆಂಕಿ ತೋರಿಸಿದಾಗ ಸಿಡಿಯಬಹುದು. ಒಳಗಿನಿಂದ ಬಡಿದು ತಗ್ಗು ತೆಗೆದು, ಹಿತ್ತಾಳೆ ಕಡ್ಡಿಯಲ್ಲಿ ಬೆಸುಗೆ ಹಾಕಿದರು. ಆಮೇಲೆ ವೆಲ್ಡರ್ ಮಾಡಿದ ಪರೀಕ್ಷೆ ನನಗೆ ಬಹಳ ಹಿಡಿಸಿತು. ಸೀಮೆಸುಣ್ಣ ಅರೆದು ನೀರಿನಲ್ಲಿ ಕಲಸಿ ಬೆಸುಗೆಯ ಹೊರಗೆಲ್ಲ ಬಳಿದರು. ಅದು ಒಣಗಿ ಬೆಳ್ಳಗಾದ ಮೇಲೆ ಒಳಗೆ ಸೀಮೆಎಣ್ಣೆ ಹೊಯ್ದು, "ಒಂದು ಚಾ ಕುಡಿದು ಬರುವ" ಅಂದರು. ಬಂದು ನೋಡಿದರೆ ಬಿಳಿಯ ಮೇಲೆ ಕೂದಲಿನಷ್ಟು ಸಣ್ಣ ಕಪ್ಪು ಗೆರೆ. ಬರಿ ಕಣ್ಣಿಗೆ ಕಾಣದ ತೂತು ಅಲ್ಲಿತ್ತು. ಮತ್ತೆ ಕಾಯಿಸಿ ಮುಚ್ಚಿದರು.

ತೂತು ಹೋಯಿತು, ಸೋರಿಕೆ ಹೋಗಲಿಲ್ಲ. ಕಾವಿಗೆ ಬೋಲ್ಟ್ ಕೂರುವ ಅಂಚು ಸೊಟ್ಟಗಾಗಿತ್ತು. ಅಂಚನ್ನು ಗಾಜಿನ ಹಲಗೆಯ ಮೇಲೆ ಮಗುಚಿಟ್ಟರೆ ಹಿಂದಿನ ಮೂಲೆಯಲ್ಲಿ ಸಂದಿ ಕಾಣುತ್ತದೆ. ಇದನ್ನು ಜೋಡಿಸುವ ಮೊದಲೇ ನೋಡಬೇಕಿತ್ತು, ನಾವು ಎರಡನೇ ಸಲ ಇಳಿಸಿದ ಮೇಲೆ ನೋಡಿದೆವು. ಸುತ್ತಿಗೆಯಲ್ಲಿ ತಟ್ಟಿ ಸುಮಾರು ಸರಿ ಮಾಡಿದ್ದಾಯಿತು. ಆಗಸ್ಟ್ 1ಕ್ಕೆ ಮತ್ತೆ ಬಂದರಿನ ದಕ್ಕೆಗೆ ಹೊರಟಾಗ ದಿನಕ್ಕೆ ನಾಲ್ಕೈದು ಹನಿ. ಬಂಗುಡೆ ಲೋಡಿನ ಅಡಿಯಿಂದ ನೀರು ಸೋರಿದರೇ ಬೈಗುಳ, ಎಣ್ಣೆ ಸೋರಿದರೆ ಕೇಳಬೇಕಾ?

ಭಾವನ ಗಾಡಿಯದ್ದು ಅಲ್ಯುಮಿನಿಯಂ ಚೇಂಬರ್. ಅದು ತಗ್ಗು ಬೀಳುವುದಿಲ್ಲ, ಸೀದಾ ಒಡೆಯುತ್ತದೆ. ಅದಕ್ಕೆ ಆರ್ಗಾನ್ ವೆಲ್ಡಿಂಗೇ ಆಗಬೇಕು. ಎಣ್ಣೆ ಕುಡಿದ ಅಲ್ಯುಮಿನಿಯಂ ಕಾಯಿಸಿದ ಹಾಗೆ ಬೆವರುತ್ತದೆ, ಬೆಸುಗೆ ಗುಳ್ಳೆ ಏಳುತ್ತದೆ. ಅಂಥವರು ರಿಪೇರಿಯ ಆಸೆ ಬಿಡುವುದೇ ಲೇಸು.

ಮೂರನೆಯದನ್ನು ಮಂಗಳೂರಿನ ಗುಜರಿಯಿಂದ ತಂದೆ. ಗುಜರಿಗೆ ಹೋಗುವಾಗ ಹಳೆಯದನ್ನು ಹೊತ್ತುಕೊಂಡೇ ಹೋಗಿ. ಒಂದೇ ಹೆಸರಿನ ಗಾಡಿಯಲ್ಲೂ ಇಂಜಿನ್ ಬದಲಾದರೆ ಬೋಲ್ಟ್ ತೂತಿನ ಲೆಕ್ಕ ಬದಲಾಗುತ್ತದೆ. ಸ್ಕ್ರೂಡ್ರೈವರ್ ಹಿಡಿಯಲ್ಲಿ ತಳವನ್ನೆಲ್ಲ ತಟ್ಟಿ ನೋಡಿದೆ. ನಮ್ಮ ಕಡಲ ಬದಿಯ ಗಾಡಿಗಳಲ್ಲಿ ಪೇಂಟಿನ ಅಡಿ ತುಕ್ಕು ತಿಂದಿರುತ್ತದೆ, ಅಲ್ಲಿ ಸದ್ದು ಬೇರೆ. ಎರಡು ಬಿಟ್ಟು ಮೂರನೆಯದನ್ನು ಆರಿಸಿದೆ. ಎಂಟು ತಿಂಗಳು ಒಂದು ಹನಿ ಇಲ್ಲ. ಏಪ್ರಿಲ್‌ನಲ್ಲಿ ಆಯಿಲ್ ಬದಲಿಸುವಾಗ ಎಣ್ಣೆ ಇಳಿಸುವ ಡ್ರೈನ್ ಬೋಲ್ಟಿನ ಮರೆ (ತಿರುಪಿನ ಗೆರೆ) ಸವೆದು ಸುಮ್ನೆ ತಿರುಗತೊಡಗಿತು. ತಟ್ಟಿ ನೋಡಿದವನು ಬೋಲ್ಟ್ ಬಿಗಿದು ನೋಡಿರಲಿಲ್ಲ.

ಆಗ ಹೊಸದಕ್ಕೆ ಕೈ ಹಾಕಿದೆ. ಅಂಗಡಿಯಲ್ಲಿ ಎರಡು ಬಗೆ: ಡೂಪ್ಲಿಕೇಟ್ ಮತ್ತು ಕಂಪನಿಯದ್ದು. ಡೂಪ್ಲಿಕೇಟ್ ಅರ್ಧ ಬೆಲೆಗೆ ಸಿಗುತ್ತಿತ್ತು. ಕೈಗೆತ್ತಿಕೊಂಡರೆ ಹಗುರ, ಒಳಗೆ ಅಡ್ಡ ತಗಡೂ ಇಲ್ಲ. ಏರಿನಲ್ಲಿ, ತಿರುವಿನಲ್ಲಿ ಎಣ್ಣೆಯೆಲ್ಲ ಒಂದು ಬದಿಗೆ ಓಡಿ ಸ್ಟ್ರೈನರ್ ಬರಿದಾಗದಂತೆ ತಡೆಯುವುದು ಆ ತಗಡು. ಆಗುಂಬೆ ಘಾಟಿ ಹತ್ತುವ ಗಾಡಿಗೆ ಅದಿಲ್ಲದೆ ಆಗುತ್ತಾ? ವಾಪಸ್ ಇಟ್ಟು ಕಂಪನಿಯದ್ದೇ ತಂದೆ.

ಕೂರಿಸುವಾಗ ಮತ್ತೊಂದು ಚರ್ಚೆ: ಅಂಚಿನ ಸಂದಿ ಮುಚ್ಚಲಿಕ್ಕೆ ಕಾರ್ಕ್ ಗ್ಯಾಸ್ಕೆಟ್ಟಾ, ಸಿಲಿಕಾನ್ ಪೇಸ್ಟಾ? ಗುಜರಿಯದ್ದಕ್ಕೆ ಕಾರ್ಕ್ ಹಾಕಿದ್ದೆವು, ಚೆನ್ನಾಗಿಯೇ ಇತ್ತು. ಆದರೆ ಬಿಗಿ ಜಾಸ್ತಿಯಾದರೆ ಕಾರ್ಕ್ ಹಿಂಡಿ ಹೊರಗೆ ಬರುತ್ತದೆ. ಈ ಸಲ ಸಿಲಿಕಾನ್: ಸುಮಾರು 3 ಮಿಲಿಮೀಟರ್ ಗೆರೆ, ಬೋಲ್ಟ್ ತೂತಿನ ಒಳಮಗ್ಗುಲಿಗೆ. ದಪ್ಪ ಎಳೆದರೆ ಒಳಗೆ ಹಿಂಡಿದ್ದು ಕಿತ್ತು ಹೋಗಿ ಸ್ಟ್ರೈನರಿಗೆ ಸಿಕ್ಕಿಕೊಳ್ಳುತ್ತದೆ. ಹತ್ತರ ಸ್ಪ್ಯಾನರ್‌ನ ಸಣ್ಣ ಬೋಲ್ಟುಗಳಿಗೆ ಮಣಿಕಟ್ಟಿನ ಬಲ ಸಾಕು, ನಡುವಿನಿಂದ ಶುರು ಮಾಡಿ ಎದುರುಬದುರಾಗಿ ಬಿಗಿಯುತ್ತಾ ಹೋಗಬೇಕು. ಮಳೆಗಾಲದಲ್ಲಿ ಸಿಲಿಕಾನ್ ಒಣಗುವುದಿಲ್ಲ ಅಂತ ನಮ್ಮಲ್ಲಿ ಹೆದರಿಸುತ್ತಾರೆ. ಗಾಳಿಯ ತೇವ ಹೀರಿಯೇ ಅದು ಗಟ್ಟಿಯಾಗುವುದು! ಹಚ್ಚುವ ಜಾಗ ಒಣಗಿರಬೇಕು, ಅಷ್ಟೇ. ಒಂದು ರಾತ್ರಿ ಬಿಟ್ಟು ಎಣ್ಣೆ ತುಂಬಿದೆವು.

ಖರ್ಚಿನ ಮಾತು. ಚೇಂಬರಿನ ಬೆಲೆಗಿಂತ ಹೆಚ್ಚು ತಿಂದದ್ದು ಪ್ರತಿ ಸಲ ಇಳಿಸುವ ಕೂಲಿ, ಹೊಸ ಎಣ್ಣೆ, ನಿಂತುಹೋದ ಬಾಡಿಗೆ. ಮೇಣ, ವೆಲ್ಡಿಂಗ್ ಸೇರಿ ಜೂನ್, ಜುಲೈಯಲ್ಲಿ ಹೋದ ದುಡ್ಡಿಗೆ ಕಂಪನಿಯದ್ದೇ ಒಂದು ಬರುತ್ತಿತ್ತು. ಗುಜರಿಯದ್ದನ್ನು ಮಾತ್ರ ನಾನು ಬೈಯುವುದಿಲ್ಲ. ಲೇತಿನವರ ಹತ್ತಿರ ಅದಕ್ಕೆ ಹೊಸ ನಟ್ ಬೆಸುಗೆ ಹಾಕಿಸಿ, ಗಾಜಿನ ಮೇಲೆ ಮಗುಚಿ ಅಂಚು ನೋಡಿ, ಎಣ್ಣೆ ಸವರಿ ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೇನೆ. ಹಿರಿಯಡ್ಕದ ಆ ಮನೆಗೆ ಇನ್ನೂ ಎರಡು ಲೋಡ್ ಟೈಲ್ಸ್ ಹೋಗಲಿಕ್ಕುಂಟು.