ಟೋಕಿಯೊ ಮೊನೊರೈಲು: ಒಂಬತ್ತು ವರ್ಷ ಪಾಸ್ ಮಾಡಿಸಿದವಳ ಲೆಕ್ಕ

ಟೋಕಿಯೊದ ಹಮಾಮಾತ್ಸುಚೋ ನಿಲ್ದಾಣದಲ್ಲಿ ಮೊನೊರೈಲು ಗಾಡಿ ಬಂದು ನಿಂತ ಕೂಡಲೇ ಒಂದು ಬದಿಯ ಬಾಗಿಲುಗಳು ತೆರೆಯುತ್ತವೆ. ಬಂದವರೆಲ್ಲ ಆ ಕಡೆ ಇಳಿಯುತ್ತಾರೆ. ಆಮೇಲೆ ಈ ಬದಿಯ ಬಾಗಿಲು ತೆರೆಯುತ್ತದೆ, ಸಾಲಿನಲ್ಲಿ ನಿಂತ ನಾವು ಹತ್ತುತ್ತೇವೆ. ವಿಮಾನ ನಿಲ್ದಾಣಕ್ಕೆ ಹೋಗುವ ಮಾರ್ಗದ ಈ ಕೊನೆಯಲ್ಲಿ ಇರುವುದು ಒಂದೇ ಹಳಿ. ಇಳಿಯುವವರೂ ಹತ್ತುವವರೂ ಬಾಗಿಲಲ್ಲಿ ಮುಖಾಮುಖಿಯಾಗದ ಕಾರಣ ಆ ಒಂದೇ ಹಳಿಯಿಂದ ನಾಲ್ಕೈದು ನಿಮಿಷಕ್ಕೊಂದು ಗಾಡಿ ಹೊರಡುತ್ತದೆ. ಮೊದಲ ದಿನವೇ ನನಗೆ ಹಿಡಿಸಿದ್ದು ಈ ಅಚ್ಚುಕಟ್ಟು.

ನನ್ನದು ಲೆಕ್ಕಪತ್ರದ ಕೆಲಸ. ಸರಕು ಸಾಗಿಸುವ ಒಂದು ಕಂಪನಿ, ರ್‍ಯೂತ್ಸು ಸೆಂಟರ್ ನಿಲ್ದಾಣದ ಪಕ್ಕದ ಗೋದಾಮಿನ ಮೇಲಿನ ಮಹಡಿ. ಒಂಬತ್ತು ವರ್ಷದಿಂದ ಹೋಗಿ ಬರುವುದು ಇದೇ ಗಾಡಿಯಲ್ಲಿ. ನಮ್ಮ ಮೂಲ ಕುಂದಾಪುರದ ಕಡೆ, ನಾನು ಬೆಳೆದದ್ದು ಮುಂಬೈಯ ಚೆಂಬೂರಿನಲ್ಲಿ. ಅಲ್ಲಿ ಮೊನೊರೈಲಿನ ಕಂಬಗಳು ಒಂದೊಂದಾಗಿ ಏಳುವುದನ್ನು ಅಪ್ಪ ದಿನಾ ನೋಡಿದವರು. ಹೋದ ತಿಂಗಳು ದೆಹಲಿ ಮೇಲೆ ಇಲ್ಲಿನ ಹನೇದಾ ವಿಮಾನ ನಿಲ್ದಾಣಕ್ಕೆ ಬಂದಿಳಿದು, ಈ ಗಾಡಿಯಲ್ಲಿ ಕೂತು ಐದು ನಿಮಿಷ ಆಗಿರಲಿಲ್ಲ, ಕೇಳಿಯೇಬಿಟ್ಟರು.

"ಅಲ್ಲ ಮಾರಾಯ್ತಿ, ಇದು ಸ್ವಂತ ದುಡ್ಡಲ್ಲಿ ಓಡ್ತದಾ, ಇಲ್ಲ ಸರಕಾರ ಕೊಡ್ತದಾ?"

"ಟಿಕೆಟ್ ದುಡ್ಡಲ್ಲೇ ಅಪ್ಪ. ಕೊರೊನಾ ಕಾಲದಲ್ಲಿ ನಷ್ಟ ಆಗಿತ್ತು, ಅದು ಬೇರೆ."

"ಮತ್ತೆ ನಮ್ಮಲ್ಲಿ ಯಾಕೆ ಆಗ್ಲಿಲ್ಲ?"

ಆ ಪ್ರಶ್ನೆಗೆ ಗಾಡಿಯಲ್ಲೇ ಕೂತು ಉತ್ತರ ಹೇಳಿ ಮುಗಿಸಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಊರುಗಳಲ್ಲಿ ಮೊನೊರೈಲಿನ ಮಾತು ಎತ್ತುವವರು ಒಮ್ಮೆ ಇಲ್ಲಿ ಬಂದು ಕೂತು ನೋಡಬೇಕು ಅನ್ನುವ ಆಸೆಯೂ ಇದೆ.

ಮೊದಲು ಸವಾರಿಯ ವಿಷಯ. ಇದು ಕಾಂಕ್ರೀಟ್ ತೊಲೆಯ ಮೇಲೆ ಕುದುರೆ ಏರಿದ ಹಾಗೆ ಕೂತು, ರಬ್ಬರ್ ಟೈರಿನ ಮೇಲೆ ಓಡುವ ಆರು ಬೋಗಿಯ ಗಾಡಿ. ತೊಲೆಯ ಎರಡು ಪಕ್ಕವನ್ನೂ ಸಣ್ಣ ಟೈರುಗಳು ಅಪ್ಪಿ ಹಿಡಿದಿರುತ್ತವೆ. ಒಳಗೆ ನಡುವೆ ಒಂದಷ್ಟು ಸೀಟುಗಳು ಎತ್ತರದ ಕಟ್ಟೆಯ ಮೇಲಿವೆ, ಕೆಳಗೆ ಚಕ್ರ ಇರುವುದರಿಂದ. ಅಲ್ಲಿ ಕೂತರೆ ಕಿಟಕಿಗೆ ನೇರ ಮುಖ ಮಾಡಿ ಕಾಲುವೆ, ದೋಣಿ, ಕ್ರೇನುಗಳು, ಕೊನೆಗೆ ಇಳಿಯುತ್ತಿರುವ ವಿಮಾನಗಳನ್ನು ನೋಡುತ್ತಾ ಹೋಗಬಹುದು. ಪೆಟ್ಟಿಗೆ ಇಡಲು ಬೇರೆಯೇ ಜಾಗ ಇದೆ. ಎಲ್ಲೂ ನಿಲ್ಲದ ಗಾಡಿ ಹಿಡಿದರೆ 3ನೇ ಟರ್ಮಿನಲ್‌ಗೆ 13 ನಿಮಿಷ, ದೇಶದೊಳಗಿನ ವಿಮಾನಗಳ ಟರ್ಮಿನಲ್‌ಗೆ ಇನ್ನೊಂದು ಐದಾರು ನಿಮಿಷ. ದರ 500 ಯೆನ್ ಮೇಲೆ ಸ್ವಲ್ಪ. ಶನಿವಾರ, ಭಾನುವಾರ, ರಜೆ ದಿನಗಳಲ್ಲಿ ಬಂದಿಳಿಯುವವರು ವಿಮಾನ ನಿಲ್ದಾಣದಲ್ಲೇ, ನಗರ ಸುತ್ತುವ ಯಾಮಾನೊತೆ ರೈಲು ಸೇರಿಸಿದ ರಿಯಾಯಿತಿ ಟಿಕೆಟ್ ಕೇಳಿ ತೆಗೆದುಕೊಳ್ಳಿ. ಮೊನೊರೈಲು ಇಳಿದು ಆ ವರ್ತುಲದ ಯಾವ ನಿಲ್ದಾಣಕ್ಕಾದರೂ ಅದೇ ಟಿಕೆಟ್ ನಡೆಯುತ್ತದೆ.

ನೀವು ಶಿನಾಗಾವಾ ಅಥವಾ ಅಸಾಕುಸಾ ಕಡೆ ಹೋಗುವವರಾದರೆ ಕೇಕ್ಯು ಎಂಬ ಇನ್ನೊಂದು ಕಂಪನಿಯ ರೈಲೇ ಅಗ್ಗ, ನೇರ ಕೂಡ. ಅದನ್ನು ಮುಚ್ಚಿಡುವುದು ಸರಿಯಲ್ಲ. ಮೊನೊರೈಲು ನಗರದ ಒಳಗೆ ಹೋಗುವುದೇ ಇಲ್ಲ, ಅಂಚಿನಲ್ಲಿ ಇಳಿಸಿ ಬೇರೆ ರೈಲು ಹತ್ತಿಸುತ್ತದೆ. ಮೊದಲು ಒಳಗಿನ ಶಿಂಬಾಶಿವರೆಗೂ ಒಯ್ಯುವ ಯೋಚನೆ ಇತ್ತು, ಆಗಲಿಲ್ಲ.

ಈಗ ಅಪ್ಪನ ಪ್ರಶ್ನೆಗೆ ಬರುತ್ತೇನೆ. ಈ ಮಾರ್ಗ ಶುರುವಾದದ್ದು 1964ರ ಸೆಪ್ಟೆಂಬರ್ 17ಕ್ಕೆ, ಒಲಿಂಪಿಕ್ಸ್‌ಗೆ ಮೂರು ವಾರ ಇರುವಾಗ. ಖಾಸಗಿ ದುಡ್ಡಲ್ಲಿ ಕಟ್ಟಿದ್ದು. ಭೂಮಿ ಕೊಳ್ಳುವ ಗೋಜಲು ತಪ್ಪಿಸಲು ಬಹುಪಾಲು ಕಾಲುವೆಯ ಮೇಲೆಯೇ ಕಂಬ ಊರಿದರು. ಎರಡು ತುದಿ ಬಿಟ್ಟರೆ ನಡುವೆ ಎಲ್ಲೂ ನಿಲ್ಲುತ್ತಿರಲಿಲ್ಲ, ಟಿಕೆಟ್ 250 ಯೆನ್. ಆ ಕಾಲಕ್ಕೆ ಅದು ಕೈಸುಡುವ ದರ. ಒಲಿಂಪಿಕ್ಸ್ ಮುಗಿಯಿತು, ಗಾಡಿ ಖಾಲಿ ಓಡತೊಡಗಿತು.

ಆಗ ಅವರು ಮಾಡಿದ ಎರಡು ಕೆಲಸ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. 1965ರಲ್ಲಿ ಓಯಿ ಕುದುರೆ ರೇಸಿನ ಮೈದಾನದ ಹತ್ತಿರ ಒಂದು ನಿಲ್ದಾಣ ತೆರೆದರು, ದಾರಿಯ ಪಕ್ಕದಲ್ಲೇ ಜನ ಇದ್ದರಲ್ಲ. 1966ರಲ್ಲಿ ದರವನ್ನು 150ಕ್ಕೆ ಇಳಿಸಿದರು. ಸಾಲ ಮೈಮೇಲೆ ಇರುವಾಗ ನೂರು ಯೆನ್ ಇಳಿಸಲು ಯಾವ ಲೆಕ್ಕಿಗನಿಗೂ ಕೈ ನಡುಗುತ್ತದೆ. ನನಗೂ ನಡುಗುತ್ತಿತ್ತು. ಆದರೆ ತೊಲೆ ಕಟ್ಟಿ ಆಗಿದೆ, ಗಾಡಿ ಓಡಲೇಬೇಕು, ಖಾಲಿ ಓಡಿದರೂ ತುಂಬಿ ಓಡಿದರೂ ಖರ್ಚು ಹೆಚ್ಚು ಕಡಿಮೆ ಒಂದೇ. ಸೀಟು ತುಂಬಿಸುವುದೊಂದೇ ದಾರಿ. ಮುಂದೆ ಗೋದಾಮುಗಳು ಬಂದಲ್ಲಿ ನಿಲ್ದಾಣ ಬಂತು. 1992ರಲ್ಲಿ ತೆನ್ನೋಜು ದ್ವೀಪದಲ್ಲಿ ಕಚೇರಿ ಕಟ್ಟಡಗಳು ಎದ್ದಾಗ ಅಲ್ಲೂ ಒಂದು.

1998ರಲ್ಲಿ ಕೇಕ್ಯು ರೈಲು ಟರ್ಮಿನಲ್‌ನ ಬುಡಕ್ಕೇ ಬಂದಾಗ ಇದಕ್ಕೆ ದೊಡ್ಡ ಏಟು ಬಿತ್ತು. 2002ರಲ್ಲಿ ಪೂರ್ವ ಜಪಾನ್ ರೈಲ್ವೆ ಕಂಪನಿ ಹೆಚ್ಚಿನ ಪಾಲು ಕೊಂಡುಕೊಂಡಿತು. ಹಮಾಮಾತ್ಸುಚೋದಲ್ಲಿ ಯಾಮಾನೊತೆಗೆ ಬದಲಿಸುವುದು ಸುಲಭವಾಯಿತು, 2004ರಲ್ಲಿ 2ನೇ ಟರ್ಮಿನಲ್‌ವರೆಗೆ ಮಾರ್ಗ ಬೆಳೆಯಿತು, 2007ರಲ್ಲಿ ನಿಲ್ಲದೆ ಹೋಗುವ ಗಾಡಿ ಶುರುವಾಯಿತು. ಈಗ ಉದ್ದ 17.8 ಕಿಲೊಮೀಟರ್. ಕೊರೊನಾಕ್ಕೆ ಮೊದಲೇ ಹನೇದಾದಲ್ಲಿ ವರ್ಷಕ್ಕೆ 8 ಕೋಟಿಗೂ ಹೆಚ್ಚು ಜನ ವಿಮಾನ ಹತ್ತಿ ಇಳಿಯುತ್ತಿದ್ದರು.

ಆ 8 ಕೋಟಿಗಿಂತ ನನಗೆ ಕಾಣುವವರು ಬೇರೆ. ಬೆಳಿಗ್ಗೆ ಆರೂವರೆಯ ನಿಧಾನದ ಗಾಡಿಯಲ್ಲಿ ಪೆಟ್ಟಿಗೆ ಹಿಡಿದವರು ಕಡಿಮೆ. ನೀಲಿ ಅಂಗಿಯ ಮೆಕ್ಯಾನಿಕ್‌ಗಳು ಸೇಬಿಜೋದಲ್ಲಿ ಇಳಿಯುತ್ತಾರೆ. ಆ ಹೆಸರಿನ ಅರ್ಥವೇ ವಿಮಾನ ರಿಪೇರಿಯ ಜಾಗ. ಅಡುಗೆ ಮನೆಯವರು, ಸಾಮಾನು ಎತ್ತುವವರು, ಕಾವಲಿನವರು, ಗೋದಾಮಿನ ನಾವು. ವಿಮಾನ ರದ್ದಾದರೂ ಇವರು ಬರಲೇಬೇಕು. ತಿಂಗಳಿಗೊಮ್ಮೆ ಪಾಸಿನ ದುಡ್ಡು ಮುಂಗಡ ಬರುತ್ತದೆ, ಅದೂ ಇಲ್ಲಿ ಹೆಚ್ಚಾಗಿ ಕಂಪನಿಯೇ ಕೊಡುವುದು. ನನ್ನ ಪಾಸೂ ಹಾಗೆಯೇ.

ಹಾಗಂತ ಮೊನೊರೈಲು ಅಂದ ಮಾತ್ರಕ್ಕೆ ಜಪಾನಿನಲ್ಲಿ ಎಲ್ಲವೂ ಗೆದ್ದಿಲ್ಲ. ಹಿಮೇಜಿ ಊರಿನಲ್ಲಿ 1966ರಲ್ಲಿ ಒಂದು ವಸ್ತುಪ್ರದರ್ಶನಕ್ಕೆ ಅಂತ ಕಟ್ಟಿದ್ದು 1974ಕ್ಕೆ ನಿಂತೇ ಹೋಯಿತು. ಒಂದೂವರೆ ಕಿಲೊಮೀಟರ್ ಚಿಲ್ಲರೆ ದೂರ, ಪ್ರದರ್ಶನ ಮುಗಿದ ಮೇಲೆ ಯಾರು ಹತ್ತಬೇಕು? 1970ರ ದಶಕದಿಂದ ಇಲ್ಲಿ ಕಾನೂನು ಬಂದು, ಕಂಬ ಮತ್ತು ತೊಲೆಯನ್ನು ರಸ್ತೆ ಅಂತಲೇ ಪರಿಗಣಿಸಿ ಸರಕಾರ ಕಟ್ಟಿಕೊಡುತ್ತದೆ. ಗಾಡಿ, ಓಡಿಸುವ ಖರ್ಚು ಮಾತ್ರ ಕಂಪನಿಯದು. ಒಸಾಕಾದ್ದು ಹೀಗೆ ಕಟ್ಟಿಸಿಕೊಂಡು ಲಾಭದಲ್ಲಿದೆ. ಟೋಕಿಯೊದ ಪಶ್ಚಿಮಕ್ಕಿರುವ ತಾಮಾ ಮೊನೊರೈಲಿಗೆ ಅಷ್ಟಾದರೂ ಸಾಲ ಕಟ್ಟಲಾಗದೆ 2008ರಲ್ಲಿ ನಗರಾಡಳಿತ ಕೈ ಹಿಡಿಯಬೇಕಾಯಿತು. ಅಮೆರಿಕದ ಲಾಸ್ ವೇಗಸ್‌ನಲ್ಲಿ 2004ರಲ್ಲಿ ಶುರುವಾದದ್ದಕ್ಕೆ ದಿನದ ಖರ್ಚು ಟಿಕೆಟ್ಟಿನಲ್ಲೇ ಹುಟ್ಟುತ್ತಿತ್ತು, ಕಟ್ಟಿದ ಸಾಲ ಹುಟ್ಟಲಿಲ್ಲ. 2010ರಲ್ಲಿ ಒಮ್ಮೆ, 2020ರಲ್ಲಿ ಇನ್ನೊಮ್ಮೆ ದಿವಾಳಿ. ಅದನ್ನು ವಿಮಾನ ನಿಲ್ದಾಣದವರೆಗೆ ಒಯ್ಯುವ ಯೋಜನೆ ಇತ್ತು, ಒಯ್ಯಲಿಲ್ಲ.

ಚೆಂಬೂರಿನದ್ದು ನೆನೆದರೆ ನನಗೆ ಸಂಕಟವಾಗುತ್ತದೆ. ಮೈಸೂರು ಕಾಲೊನಿ ಅಂತ ನಮ್ಮ ನಾಡಿನ ಊರಿನ ಹೆಸರಿನ ನಿಲ್ದಾಣವೂ ಇದ್ದ ಆ ಮಾರ್ಗ 2014ರ ಫೆಬ್ರವರಿಯಲ್ಲಿ ವಡಾಲಾದವರೆಗೆ ತೆರೆಯಿತು. ಎರಡನೆಯ ಹಂತ ಬಂದದ್ದು 2019ರ ಮಾರ್ಚಿಗೆ. ಐದು ವರ್ಷ ಅರ್ಧ ಮಾರ್ಗ! ದಾರಿಯಲ್ಲಿ ತೈಲ ಶುದ್ಧೀಕರಣ ಕಾರ್ಖಾನೆಗಳು, ಉಪ್ಪಿನ ಗದ್ದೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ವಡಾಲಾದಲ್ಲಿ ಲೋಕಲ್ ರೈಲಿನ ನಿಲ್ದಾಣ ಒಂದು ಕಡೆ, ಮೊನೊರೈಲಿನದು ಇನ್ನೊಂದು ಕಡೆ. 2017ರ ನವೆಂಬರಿನಲ್ಲಿ ಬೆಂಕಿ ಬಿದ್ದು ಹತ್ತು ತಿಂಗಳು ನಿಂತಿತು. ಗಾಡಿ ಕೊಟ್ಟ ಮಲೇಷ್ಯಾದ ಕಂಪನಿ ಹಣದ ಮುಗ್ಗಟ್ಟಿಗೆ ಸಿಕ್ಕಿಕೊಂಡ ಮೇಲೆ ಬಿಡಿಭಾಗಕ್ಕೂ ತತ್ವಾರ. ಮೊನೊರೈಲಿನ ದೊಡ್ಡ ಅಪಾಯ ಇದೇ. ಸಾಮಾನ್ಯ ರೈಲಿನ ಗಾಲಿ ಹತ್ತು ಕಡೆ ಸಿಗುತ್ತದೆ, ಈ ತೊಲೆಗೆ ಒಪ್ಪುವ ಬೋಗಿ ಕೊಡುವವರು ಬೆರಳೆಣಿಕೆ. 2025ರ ಸೆಪ್ಟೆಂಬರಿನಲ್ಲಿ ದುರಸ್ತಿ, ಸುಧಾರಣೆಗೆ ಅಂತ ಅಲ್ಲಿ ಓಡಾಟ ನಿಲ್ಲಿಸಿದರು. ಹೊಸ ಗಾಡಿಗಳೊಂದಿಗೆ ಆ ಮಾರ್ಗ ತುಂಬಿ ಓಡುವುದನ್ನು ನೋಡಬೇಕೆಂಬ ಆಸೆ ಅಪ್ಪನಿಗೂ ಇದೆ, ನನಗೂ ಇದೆ.

ನನ್ನ ಅಂಕ ಐದಕ್ಕೆ ನಾಲ್ಕೂವರೆ. ಆ ಅರ್ಧ ಅಂಕ ಹಿಡಿದದ್ದು ನಗರದ ಅಂಚಿನಲ್ಲೇ ಇಳಿಸುವುದಕ್ಕೆ. ಹೋಗಬೇಕೆನ್ನುವವರು ತಡಮಾಡಬೇಡಿ. ಪೂರ್ವ ಜಪಾನ್ ರೈಲ್ವೆ ತಾನೇ ಹನೇದಾಕ್ಕೆ ನೇರ ರೈಲು ಮಾರ್ಗ ಕಟ್ಟುತ್ತಿದೆ, 2031ರ ಹೊತ್ತಿಗೆ ತೆರೆಯುವ ಗುರಿ. ಆಗ ಪೆಟ್ಟಿಗೆಯವರು ಎಷ್ಟು ಮಂದಿ ಇದರಲ್ಲಿ ಉಳಿಯುತ್ತಾರೆ ಅನ್ನುವ ಚಿಂತೆ ನನಗೆ ಈಗಲೇ ಶುರುವಾಗಿದೆ.

ಅಪ್ಪ ವಾಪಸ್ ಹೊರಟ ದಿನ ಬೇಕೆಂದೇ ನಿಧಾನದ ಗಾಡಿ ಹಿಡಿದೆವು. ಬಾಗಿಲ ಹತ್ತಿರ ಕೂತು ಅವರು ಒಂದೊಂದು ನಿಲ್ದಾಣದಲ್ಲೂ ಇಳಿದವರನ್ನು ಬೆರಳು ಮಡಚಿ ಎಣಿಸಿದರು. ಸೇಬಿಜೋ ದಾಟಿದ ಮೇಲೆ ನನ್ನ ಕಡೆ ತಿರುಗಿ, "ಹದಿನೇಳು ಮಂದಿ ಇಳಿದ್ರು. ಒಬ್ಬನ ಕೈಯಲ್ಲೂ ಪೆಟ್ಟಿಗೆ ಇಲ್ಲ ನೋಡು," ಅಂದರು.