ಎಂಟು ನೋಡುಗಳಿಗೆ ಹಳೆಯ ಇನ್ಫಿನಿಬ್ಯಾಂಡ್ ಸ್ವಿಚ್: ಹಲವು ವರ್ಷ ಬಳಸಿದ ಮೇಲೆ

ನಮ್ಮ ಮೆಕ್ಯಾನಿಕಲ್ ವಿಭಾಗದ ಎಂಟು ನೋಡುಗಳ (node, ಅಂದರೆ ಒಟ್ಟಾಗಿ ದುಡಿಯುವ ಕಂಪ್ಯೂಟರುಗಳ) ಕ್ಲಸ್ಟರಿಗೆ ಸೆಕೆಂಡ್ ಹ್ಯಾಂಡ್ ಮೆಲನಾಕ್ಸ್ ಎಸ್‌ಎಕ್ಸ್ 6036 ಸ್ವಿಚ್ ಹಾಕಿ ವರ್ಷಗಳೇ ಕಳೆದವು. ಇನ್ಫಿನಿಬ್ಯಾಂಡ್ ಎಂದರೆ ಈಥರ್ನೆಟ್ಟಿನ ಬದಲು ಇಂಥ ಕಂಪ್ಯೂಟರುಗಳನ್ನು ಜೋಡಿಸುವ ವೇಗದ ಜಾಲ. ಓಪನ್‌ಫೋಮ್‌ನಲ್ಲಿ ಗಾಳಿ, ನೀರಿನ ಹರಿವಿನ ಲೆಕ್ಕ ಹಾಕುವ ಎಂ.ಟೆಕ್. ವಿದ್ಯಾರ್ಥಿಗಳು ಇದನ್ನು ಹಗಲು ರಾತ್ರಿ ದುಡಿಸಿಕೊಂಡಿದ್ದಾರೆ. ಇದೇ ಕೆಲಸ, ಇಷ್ಟೇ ಬಜೆಟ್ ಅಂದರೆ ಇವತ್ತೂ ನಾನು ಕೊಳ್ಳುವುದು ಇದನ್ನೇ. ಕೆಲಸ ಬೇರೆಯಾದರೆ ಬೇಡ.

1ಯು (ರ‍್ಯಾಕಿನ ಒಂದು ಅಂತಸ್ತಿನ) ಎತ್ತರದ ಪೆಟ್ಟಿಗೆ, 36 ಕ್ಯುಎಸ್‌ಎಫ್‌ಪಿ ಪೋರ್ಟು, ಎಫ್‌ಡಿಆರ್ ಪೀಳಿಗೆಯ ಇನ್ಫಿನಿಬ್ಯಾಂಡಿನಲ್ಲಿ ಪೋರ್ಟಿಗೆ 56 ಗಿಗಾಬಿಟ್. ದೊಡ್ಡ ಡೇಟಾ ಸೆಂಟರ್‌ಗಳು ಇನ್ನೂ ವೇಗದ ಪೀಳಿಗೆಗಳಾದ ಇಡಿಆರ್, ಎಚ್‌ಡಿಆರ್ ಎಂದು ಮುಂದೆ ಹೋದಂತೆ ಈ ಪೀಳಿಗೆಯ ಸ್ವಿಚ್ಚು, ಕನೆಕ್ಟ್‌ಎಕ್ಸ್-3 ಕಾರ್ಡು (ನೋಡಿನೊಳಗೆ ಕೂರುವ ನೆಟ್‌ವರ್ಕ್ ಕಾರ್ಡು) ಹಳೆಯ ಸಾಮಾನಿನ ಮಾರುಕಟ್ಟೆಗೆ ಬಂದವು. ಮೆಲನಾಕ್ಸ್ ಕಂಪನಿಯೇ 2020ರಲ್ಲಿ ಎನ್‌ವಿಡಿಯಾ ಪಾಲಾಯಿತು.

ಇದನ್ನು ನೋಡಲು ಬಂದವರೆಲ್ಲ ಮೊದಲು ಕೇಳುವುದು 56 ಗಿಗಾಬಿಟ್ ಪೂರ್ತಿ ಸಿಗುತ್ತದೆಯೇ ಎಂದು. ನಮ್ಮ ಕೆಲಸಕ್ಕೆ ಆ ಸಂಖ್ಯೆ ಮುಖ್ಯವೇ ಅಲ್ಲ. ಇಪ್ಪತ್ತು ಲಕ್ಷ ಸೆಲ್ಲುಗಳ ಮೆಷ್ ಅನ್ನು (ಹರಿವಿನ ಜಾಗವನ್ನು ಪುಟ್ಟ ತುಂಡುಗಳಾಗಿ ಸೀಳಿದ ಬಲೆ) 128 ಪ್ರೊಸೆಸರ್ ಕೋರುಗಳಿಗೆ ಹಂಚಿದರೆ ಒಂದು ಕೋರಿಗೆ ಬರುವುದು ಹದಿನೈದು ಸಾವಿರದಷ್ಟು ಸೆಲ್ಲು. ಅಷ್ಟರ ಲೆಕ್ಕ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಯುತ್ತದೆ. ಆಮೇಲೆ ಪ್ರೆಷರ್ ಸಾಲ್ವರಿನ ಪ್ರತಿ ಸುತ್ತಿನಲ್ಲೂ ಎಲ್ಲ ಕೋರುಗಳು ತಮ್ಮ ತಮ್ಮ ಮೊತ್ತ ಕೂಡಿಸಿ ಒಂದು ಉತ್ತರಕ್ಕೆ ಬರಬೇಕು. ಎಂಪಿಐ (ಕೋರುಗಳು ಪರಸ್ಪರ ಸಂದೇಶ ಕಳಿಸುವ ವ್ಯವಸ್ಥೆ) ಭಾಷೆಯಲ್ಲಿ ಇದು ಆಲ್‌ರೆಡ್ಯೂಸ್. ಪಂಕ್ತಿಯಲ್ಲಿ ಕೊನೆಯವರ ಊಟ ಮುಗಿಯುವವರೆಗೆ ಯಾರೂ ಏಳುವಂತಿಲ್ಲವಲ್ಲ, ಹಾಗೆ ಎಲ್ಲರೂ ಕಾಯುತ್ತಾರೆ. ಸಾಗಿಸಬೇಕಾದದ್ದು ಬರೀ 8 ಬೈಟಿನ ಒಂದು ಸಂಖ್ಯೆ. ಅದಕ್ಕೆ ಅಗಲವಾದ ರಸ್ತೆ ಬೇಡ, ಬೇಗ ತಲುಪಿದರೆ ಸಾಕು. ಸಾಮಾನ್ಯ ಗಿಗಾಬಿಟ್ ಈಥರ್ನೆಟ್ಟಿನಲ್ಲಿ ಟಿಸಿಪಿ ಮೂಲಕ ಹೋದರೆ ಒಂದು ಸಣ್ಣ ಸಂದೇಶಕ್ಕೆ ಹತ್ತಾರು ಮೈಕ್ರೋಸೆಕೆಂಡು ಬೇಕು. ಪ್ರೊಸೆಸರನ್ನು ನಡುವೆ ತರದೆ ನೇರ ಮೆಮೊರಿಗೆ ಬರೆಯುವ ಆರ್‌ಡಿಎಂಎ ಮೂಲಕ ಇಲ್ಲಿ ಒಂದೆರಡು ಮೈಕ್ರೋಸೆಕೆಂಡು. ಒಂದು ಟೈಮ್ ಸ್ಟೆಪ್ಪಿಗೆ ಇಂಥ ಸುತ್ತು ನೂರಾರು, ಟೈಮ್ ಸ್ಟೆಪ್ಪುಗಳು ಸಾವಿರಾರು.

ಪರಿಣಾಮ ಕಣ್ಣಿಗೆ ಕಂಡಿತು. ಹಿಂದೆ ಗಿಗಾಬಿಟ್ ಸ್ವಿಚ್ಚಿನಲ್ಲಿ ಮೂರನೆಯ ನೋಡು ಸೇರಿಸಿದ ಮೇಲೆ ಕೆಲಸದ ವೇಗ ಏರುತ್ತಿರಲಿಲ್ಲ, ನಾಲ್ಕನೆಯದು ಸೇರಿಸಿದರೆ ಇನ್ನೂ ನಿಧಾನ. ಇದು ಬಂದ ಮೇಲೆ ಎಂಟೂ ನೋಡುಗಳು ಒಂದೇ ಕೇಸಿನ ಮೇಲೆ ದುಡಿಯುತ್ತವೆ, ಎಂಟನೆಯದು ಸೇರಿದಾಗಲೂ ಸಮಯ ಇಳಿಯುತ್ತದೆ. ವಿದ್ಯಾರ್ಥಿಯೊಬ್ಬಳು ಸಂಜೆ ಹಾಕಿ ಹೋದ ಕೇಸಿನ ಉತ್ತರ ಮರುದಿನ ಬೆಳಿಗ್ಗೆ ನೋಡಿ, ಮೆಷ್ ತಿದ್ದಿ, ಅದೇ ದಿನ ಮತ್ತೆ ಓಡಿಸುವುದು ಸಾಧ್ಯವಾಯಿತು. ನನಗೆ ಇದಕ್ಕಿಂತ ದೊಡ್ಡ ಲಾಭ ಬೇರೆ ಇಲ್ಲ.

ಹೊಸಬರು ತೊಡಕಿಗೆ ಬೀಳುವುದು ಸಬ್‌ನೆಟ್ ಮ್ಯಾನೇಜರ್ ಹತ್ತಿರ. ಈಥರ್ನೆಟ್ಟಿನಂತೆ ಕೇಬಲ್ ಚುಚ್ಚಿದ ಕೂಡಲೇ ಮಾತು ಶುರುವಾಗುವುದಿಲ್ಲ. ಪೋರ್ಟುಗಳಿಗೆ ವಿಳಾಸ ಕೊಟ್ಟು ದಾರಿ ಹಾಕಿಕೊಡುವ ಒಂದು ಪ್ರೋಗ್ರಾಂ ಎಲ್ಲಾದರೂ ಓಡುತ್ತಿರಬೇಕು. ಅದಿಲ್ಲದಿದ್ದರೆ ಐಬಿಸ್ಟ್ಯಾಟ್ ಆಜ್ಞೆ 'ಲಿಂಕ್‌ಅಪ್' ಎನ್ನುತ್ತದೆ, ಸ್ಥಿತಿ ಮಾತ್ರ 'ಇನಿಶಿಯಲೈಸಿಂಗ್' ಎಂದೇ ನಿಂತಿರುತ್ತದೆ. ನಾವು ಹೆಡ್ ನೋಡಿನಲ್ಲಿ (ಕ್ಲಸ್ಟರನ್ನು ನಿಭಾಯಿಸುವ ನೋಡು) ಓಪನ್‌ಎಸ್‌ಎಂ ಎಂಬ ಸಬ್‌ನೆಟ್ ಮ್ಯಾನೇಜರ್ ಓಡಿಸುತ್ತೇವೆ, ಇನ್ನೊಂದು ನೋಡಿನಲ್ಲಿ ಅದರದೇ ಜೋಡಿ ಕಾದು ಕೂತಿರುತ್ತದೆ. ಕರೆಂಟು ಹೋಗಿ ಬಂದಾಗ ನೋಡುಗಳು ಮೊದಲು ಎದ್ದು, ಸ್ವಿಚ್ ತಡವಾಗಿ ಎದ್ದರೂ ತೊಂದರೆಯಾಗಿಲ್ಲ. ಆದರೂ ಹೆಡ್ ನೋಡು ಮತ್ತು ಸ್ವಿಚ್ ಎರಡೂ ಯುಪಿಎಸ್ ಮೇಲಿರಲಿ.

ಕಾರ್ಡು ಹಾಕುವ ಸ್ಲಾಟನ್ನೂ ನೋಡಿಕೊಳ್ಳಿ. ಕನೆಕ್ಟ್‌ಎಕ್ಸ್-3ಗೆ ಪಿಸಿಐಇ 3.0ರ ಎಂಟು ಲೇನ್ (ಡೇಟಾ ಹರಿಯುವ ದಾರಿ) ಬೇಕು. ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ ಎರಡನೆಯ ಉದ್ದದ ಸ್ಲಾಟು ನೋಡಲು ಹದಿನಾರು ಲೇನಿನದು, ಒಳಗೆ ಬಹುತೇಕ ನಾಲ್ಕೇ. ಆಗ ವೇಗ 32 ಗಿಗಾಬಿಟ್ಟಿನೊಳಗೆ ನಿಲ್ಲುತ್ತದೆ.

ಕೇಬಲ್ಲು ಬೇರೆಯದೇ ಕಥೆ. ತಾಮ್ರದ ಪ್ಯಾಸಿವ್ ಕೇಬಲ್ಲಿಗೆ ಈ ವೇಗದಲ್ಲಿ 3 ಮೀಟರೇ ಮಿತಿ ಎಂದುಕೊಳ್ಳಿ. ದಪ್ಪ, ಬಗ್ಗುವುದಿಲ್ಲ, ಒತ್ತಿ ಮಡಚಿದರೆ ಕೆಡುತ್ತದೆ. ಮಾರುವವರೊಬ್ಬರು 56 ಗಿಗಾಬಿಟ್ಟಿನದೆಂದು ಕಳಿಸಿದ ಕಂತಿನಲ್ಲಿ ಕೆಲವು 40ರವು ಸೇರಿದ್ದವು. ಲಿಂಕು ಏರುತ್ತಿತ್ತು, ಆದರೆ ದೋಷ ಎಣಿಸುವ ಐಬಿಕ್ವೆರಿಎರರ್ಸ್ ಆಜ್ಞೆ ಓಡಿಸಿದಾಗ ಸಿಂಬಲ್ ಎರರ್ ಸಂಖ್ಯೆ ಬೆಳೆಯುತ್ತಲೇ ಇತ್ತು. ಕೇಬಲ್ ಬಂದ ದಿನವೇ ಇದನ್ನು ಓಡಿಸಿ, ಲೋಡ್ ಹಾಕಿ ಮತ್ತೊಮ್ಮೆ ಓಡಿಸಿ.

ಶಬ್ದದ ಬಗ್ಗೆ ಮುಚ್ಚಿಡುವಂತಿಲ್ಲ. 1ಯು ಪೆಟ್ಟಿಗೆಗೆ ಹಿಡಿಸುವ ಫ್ಯಾನುಗಳು ಪುಟ್ಟವು, ಗಾಳಿ ತಳ್ಳಬೇಕಾದರೆ ಕಿರುಚಲೇಬೇಕು. ಜನ ಕೂತು ಕೆಲಸ ಮಾಡುವ ಕೋಣೆಯಲ್ಲಿ ಇದನ್ನಿಡಬೇಡಿ. ವಿದ್ಯುತ್ ನೂರು ವ್ಯಾಟ್ ಎಂದು ಹಿಡಿದರೂ ತಿಂಗಳಿಗೆ 72 ಯೂನಿಟ್ಟು, ಅದರ ಮೇಲೆ ಎಸಿ. ನಮ್ಮ ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಎಸಿ ಇಲ್ಲದೆ ಇದನ್ನು ನಡೆಸುವ ಮಾತೇ ಇಲ್ಲ. ಗಾಳಿ ಹರಿಯುವ ದಿಕ್ಕು ಇನ್ನೂ ಮುಖ್ಯ: ಕೆಲವು ಸ್ವಿಚ್ಚುಗಳು ಪೋರ್ಟಿನ ಕಡೆಯಿಂದ ಗಾಳಿ ಎಳೆಯುತ್ತವೆ, ಕೆಲವು ಪವರ್ ಸಪ್ಲೈ ಕಡೆಯಿಂದ. ರ‍್ಯಾಕಿನಲ್ಲಿ ಪೋರ್ಟುಗಳು ನೋಡುಗಳ ಹಿಂಬದಿಗೆ ಮುಖ ಮಾಡಿರುತ್ತವೆ, ನೋಡುಗಳ ಬಿಸಿಗಾಳಿ ಬರುವುದೂ ಅಲ್ಲಿಗೇ. ಹಾಗಾಗಿ ಪವರ್ ಸಪ್ಲೈ ಕಡೆಯಿಂದ ಎಳೆದು ಪೋರ್ಟಿನ ಕಡೆ ಬಿಡುವಂಥದ್ದೇ ಬೇಕು.

ಸಾಫ್ಟ್‌ವೇರಿನ ವಯಸ್ಸು ನನ್ನ ನಿಜವಾದ ಚಿಂತೆ. ಕನೆಕ್ಟ್‌ಎಕ್ಸ್-3 ಕಾರ್ಡುಗಳಿಗೆ ಕಂಪನಿಯ ಸ್ವಂತ ಡ್ರೈವರ್ ಕಟ್ಟು 4.9ಕ್ಕೇ ನಿಂತಿತು. ಲಿನಕ್ಸ್ ಕರ್ನಲ್ಲಿನಲ್ಲಿರುವ ಎಂಎಲ್‌ಎಕ್ಸ್4 ಡ್ರೈವರಿನಿಂದಲೇ ನಮ್ಮ ಕೆಲಸ ನಡೆಯುತ್ತಿದೆ. ಇತ್ತ ಎಂಪಿಐ ಸಾಫ್ಟ್‌ವೇರ್ ಆದ ಓಪನ್ ಎಂಪಿಐ 5.0ರಲ್ಲಿ, ಇನ್ಫಿನಿಬ್ಯಾಂಡ್ ಬಳಸುವ ಹಳೆಯ ಓಪನ್‌ಐಬಿ ದಾರಿ ತೆಗೆದುಹಾಕಿದ್ದಾರೆ. ಆದ್ದರಿಂದ ಸೆಮಿಸ್ಟರ್ ನಡುವೆ ಏನನ್ನೂ ಅಪ್‌ಗ್ರೇಡ್ ಮಾಡುವುದಿಲ್ಲ ಎಂಬ ನಿಯಮ ಮಾಡಿಕೊಂಡಿದ್ದೇವೆ.

ಬಿಡಿ ಬಿಡಿ ಕೆಲಸಗಳನ್ನೇ ಓಡಿಸುವವರಿಗೆ, ಅಂದರೆ ಒಂದೊಂದು ನೋಡಿನಲ್ಲಿ ಒಂದೊಂದು ಕೇಸು ಹಾಕುವವರಿಗೆ, ಇಷ್ಟು ತಾಪತ್ರಯ ಬೇಡವೇ ಬೇಡ. ನಮ್ಮಲ್ಲೇ ಫೈಲ್ ಸಾಗಾಟಕ್ಕೆ ಪಕ್ಕದಲ್ಲಿ ಮೈಕ್ರೋಟಿಕ್ ಸಿಆರ್‌ಎಸ್ 309 ಇದೆ: ಎಂಟು 10 ಗಿಗಾಬಿಟ್ ಪೋರ್ಟು, ಫ್ಯಾನೇ ಇಲ್ಲ, ಇಷ್ಟು ದಿನದಲ್ಲಿ ಅದರ ಕಡೆ ತಿರುಗಿ ನೋಡುವ ಪ್ರಸಂಗ ಬಂದಿಲ್ಲ. ಎರಡೇ ನೋಡು ಇದ್ದರೆ ಸ್ವಿಚ್ಚೇ ಬೇಡ. ಕಾರ್ಡಿಂದ ಕಾರ್ಡಿಗೆ ನೇರ ಕೇಬಲ್ ಎಳೆದು ಒಂದರಲ್ಲಿ ಓಪನ್‌ಎಸ್‌ಎಂ ಓಡಿಸಿದರೆ ಆಯಿತು. ಹೊಸದನ್ನೇ ಕೊಳ್ಳುವಷ್ಟು ಅನುದಾನ ಇರುವವರು ಮೈಕ್ರೋಟಿಕ್ ಕಂಪನಿಯದೇ ಸಿಆರ್‌ಎಸ್ 504 ನೋಡಬಹುದು. ಅದರ ನಾಲ್ಕು 100 ಗಿಗಾಬಿಟ್ ಪೋರ್ಟುಗಳನ್ನು ಸೀಳಿ ಹದಿನಾರು ನೋಡಿಗೆ 25 ಗಿಗಾಬಿಟ್‌ನಂತೆ ಹಂಚಬಹುದು.

ಎಸ್‌ಎಕ್ಸ್ 6036 ಕೊಳ್ಳಲು ಹೊರಟವರು ಮಾರುವವರಿಂದ ಮುಂಗಡ ಕೊಡುವ ಮೊದಲೇ ನಾಲ್ಕು ವಿಷಯ ಬರೆಸಿಕೊಳ್ಳಿ: ಎರಡೂ ಪವರ್ ಸಪ್ಲೈ ಇವೆಯೇ, ಗಾಳಿ ಯಾವ ಕಡೆಯಿಂದ ಯಾವ ಕಡೆಗೆ, ಪೋರ್ಟುಗಳಲ್ಲಿ 56 ಗಿಗಾಬಿಟ್ ಸಿಗುತ್ತದೆಯೇ ಅಥವಾ 40ರ ಮಾದರಿಯೇ, ಅಡ್ಮಿನ್ ಪಾಸ್‌ವರ್ಡ್ ಅಳಿಸಿ ಕೊಡುತ್ತಾರೆಯೇ.