ಅಮ್ಮನ ಮೊಣಕೈಗೆ ಎರಡನೇ ರಿವಿಷನ್: ಆಸ್ಪತ್ರೆ ಹೇಗಿತ್ತು, ಕೈ ಹೇಗಿದೆ

ಮಂಡಿ ಆಪರೇಷನ್ ಬಗ್ಗೆ ಕೇಳಿದ್ರೆ ಬೀದಿಗೊಬ್ಬರು ಹೇಳ್ತಾರೆ, ಮೊಣಕೈಗೆ ಹಾಕಿದ ಕೀಲು ಫೇಲ್ ಆದ್ರೆ ಮುಂದೇನು ಅಂತ ಹೇಳೋರು ಸಿಗಲ್ಲ, ಅದಕ್ಕೇ ಇದನ್ನ ಬರೀತಿದೀನಿ. ಅಮ್ಮಂಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದ್ರೆ ಕೀಲುಗಳು ಊದಿ ಹಾಳಾಗೋ ಕಾಯಿಲೆ. ಬಲ ಮೊಣಕೈಗೆ ಹಾಕಿದ್ದ ಕೃತಕ ಕೀಲು ಸಡಿಲ ಆಗಿ ಒಂದ್ಸಲ ಬದಲಾಯಿಸಿದ್ರು (ಹೀಗೆ ಬದಲಾಯಿಸೋದಕ್ಕೇ ರಿವಿಷನ್ ಅಂತಾರೆ), ಅದೂ ಅಲ್ಲಾಡೋಕೆ ಶುರುವಾದ್ಮೇಲೆ ಬೆಂಗಳೂರಿನ ಈ ಆಸ್ಪತ್ರೆಗೆ ಬಂದ್ವಿ. ಹೆಸರು ಹಾಕ್ತಿಲ್ಲ, ಕೆಳಗೆ ದೂರೂ ಇದೆ.

ಸರ್ಜನ್‌ಗೆ ಪೂರ್ತಿ ಮಾರ್ಕ್ಸ್. ಎಕ್ಸ್‌ರೇ ನೋಡಿದ ತಕ್ಷಣ ಆಪರೇಷನ್ ಡೇಟ್ ಕೊಡ್ಲಿಲ್ಲ. ಇನ್ಫೆಕ್ಷನ್ ಇದ್ಯಾ ಅಂತ ನೋಡೋಕೆ ಇಎಸ್‌ಆರ್, ಸಿಆರ್‌ಪಿ ಅನ್ನೋ ರಕ್ತಪರೀಕ್ಷೆ ಮಾಡಿಸಿ, ಸೂಜಿ ಹಾಕಿ ಕೀಲಿನ ನೀರು ತೆಗೆದು ಬ್ಯಾಕ್ಟೀರಿಯಾ ಬೆಳೆಯುತ್ತಾ ನೋಡೋ ಕಲ್ಚರ್ ಟೆಸ್ಟ್‌ಗೆ ಕಳ್ಸಿ 14 ದಿನ ಇಡಿಸಿದ್ರು, ಕೆಲವು ಬ್ಯಾಕ್ಟೀರಿಯಾ ಅಷ್ಟು ನಿಧಾನಕ್ಕೆ ಬೆಳೆಯುತ್ತೆ. ಇನ್ಫೆಕ್ಷನ್ ಇದ್ದಿದ್ರೆ ಹಳೇದನ್ನೆಲ್ಲ ತೆಗೆದು, ಆಂಟಿಬಯಾಟಿಕ್ ಬೆರೆಸಿದ ಸಿಮೆಂಟ್ (ಕೀಲನ್ನ ಮೂಳೆಗೆ ಕೂರಿಸೋಕೆ ಬಳಸೋ ಅಂಥದ್ದು) ಇಟ್ಟು, ವಾರಗಟ್ಟಲೆ ಇಂಜೆಕ್ಷನ್ ಕೊಟ್ಟು, ಆಮೇಲೆ ಇನ್ನೊಂದು ಆಪರೇಷನ್ ಮಾಡ್ಬೇಕಿತ್ತು. ಪುಣ್ಯಕ್ಕೆ ಇರ್ಲಿಲ್ಲ.

ನಂಗೆ ಇಷ್ಟ ಆಗಿದ್ದು ಅವ್ರು ಆಸೆ ತೋರಿಸ್ದೇ ಇದ್ದಿದ್ದು. ಪ್ರತಿ ಸಲ ಹಳೇ ಸಿಮೆಂಟ್ ಕೆದಕಿ ತೆಗೆಯುವಾಗ ಮೂಳೆ ತೆಳ್ಳಗಾಗುತ್ತೆ, ತೋಳಿನ ಹಿಂಭಾಗದ ಟ್ರೈಸೆಪ್ಸ್ ಸ್ನಾಯು ಸೋಲುತ್ತೆ, ಕಿರುಬೆರಳಿಗೆ ಹೋಗೋ ಅಲ್ನಾರ್ ನರ ಹಳೇ ಗಾಯದ ಕಲೆಯೊಳಗೆ ಸಿಕ್ಕಿಕೊಂಡಿರುತ್ತೆ, ಹಾಗಾಗಿ ಮೊದಲನೇದಕ್ಕಿಂತ ತೊಂದರೆ ಸಾಧ್ಯತೆ ಜಾಸ್ತಿ, ನೋವು ಕಮ್ಮಿ ಆಗ್ಬಹುದು ಆದ್ರೆ ಶಕ್ತಿ ವಾಪಸ್ ಬರಲ್ಲ ಅಂತ ಅಮ್ಮನ ಮುಖ ನೋಡ್ಕೊಂಡೇ ಹೇಳಿದ್ರು. ಇದೂ ಹೋದ್ರೆ ಕೀಲೇ ಇಲ್ದೆ ಬಿಡಬೇಕಾಗ್ಬಹುದು ಅನ್ನೋದನ್ನೂ ಮುಚ್ಚಿಡ್ಲಿಲ್ಲ.

ಈಗ ದೂರು. ಎಸ್ಟಿಮೇಟ್‌ನಲ್ಲಿ ಉದ್ದ ಸ್ಟೆಮ್ಮಿನ (ಮೂಳೆಯೊಳಗೆ ಇಳಿಯೋ ಕಡ್ಡಿ) ಇಂಪ್ಲಾಂಟ್‌ದೂ, ಅಂದ್ರೆ ಕೃತಕ ಕೀಲಿಂದೂ, ಬೋನ್ ಬ್ಯಾಂಕಿಂದ ತಂದ ದಾನಿ ಮೂಳೆದೂ ಖರ್ಚು ಸೇರಿಸಿರ್ಲಿಲ್ಲ, ಡಿಸ್ಚಾರ್ಜ್ ದಿನ ಬಿಲ್ ನೋಡಿ ಎದೆ ಧಸಕ್ ಅಂತು. ಫಿಸಿಯೋ ಅಂತೂ ಬೇಸರ. ಟ್ರೈಸೆಪ್ಸ್ ಹೊಲಿದಿದಾರೆ, ಕೈ ಊರಿ ಏಳಬಾರ್ದು ಅಂತ ಫೈಲ್‌ನಲ್ಲೇ ಬರೆದಿದ್ರೂ ಅವತ್ತು ಬಂದ ಹುಡುಗ ಕುರ್ಚಿ ಹಿಡಿದು ಕೈ ಊರಿ ಏಳಮ್ಮ ಅಂದ, ನಾನು ಪಕ್ಕದಲ್ಲಿ ಇದ್ದಿದ್ದಕ್ಕೆ ತಡೆದೆ. ಒಬ್ಬರೇ ಇರೋ ಪೇಷಂಟ್ ಗತಿ ಏನು ಹೇಳಿ.

ಈಗ ಅಮ್ಮಂಗೆ ರಾತ್ರಿ ನೋವಿಲ್ಲ, ನಿದ್ದೆ ಮಾಡ್ತಾರೆ. ಅನ್ನ ಕಲಸಿ ತುತ್ತು ಬಾಯಿಗೆ ತಾವೇ ಇಟ್ಕೊತಾರೆ, ಕುಂಕುಮ ಇಟ್ಕೊತಾರೆ, ಹಿಂದೆ ಕೈ ತಗೊಂಡ್ಹೋಗಿ ಜಡೆ ಹಾಕೋಕೆ ಮಾತ್ರ ಆಗಲ್ಲ. ಕೈ ಪೂರ್ತಿ ನೆಟ್ಟಗಾಗಲ್ಲ, ಕಿರುಬೆರಳು ಜೋಮು ಹಾಗೇ ಇದೆ. ತುಂಬಿದ ಬಿಂದಿಗೆ, ಕುಕ್ಕರ್ ಆ ಕೈಯಲ್ಲಿ ಎತ್ತಂಗಿಲ್ಲ, ಜೀವನಪೂರ್ತಿ.

ಆಪರೇಷನ್‌ಗೆ ಧೈರ್ಯವಾಗಿ ಹೋಗಿ, ಫಿಸಿಯೋ ಮಾತ್ರ ಮೊಣಕೈ ಗೊತ್ತಿರೋರ ಹತ್ರ ಹೊರಗೆ ಮಾಡ್ಸಿ. ಮತ್ತೆ ಹಳೇ ಆಪರೇಷನ್ ನೋಟ್ಸು, ಇಂಪ್ಲಾಂಟ್ ಸ್ಟಿಕ್ಕರ್ ಇದ್ರೆ ಮೊದಲ ದಿನವೇ ತಗೊಂಡ್ಹೋಗಿ, ಒಳಗೆ ಯಾವ ಕಂಪನಿದು ಇದೆ ಅಂತ ಗೊತ್ತಾದ್ರೆ ಅದನ್ನ ತೆಗೆಯೋ ಸಲಕರಣೆ ಮೊದಲೇ ತರಿಸಿಟ್ಕೊತಾರೆ.